ಐನಾರ್ ಅಂಕಲ್ ಇಳಿಸದ ಕೈ

ಅದು 1994ರ ಜನವರಿ. ನಮ್ಮಲ್ಲಿ ಎಳ್ಳು ಬೀರುವ ಹೊತ್ತಿಗೆ ಪರ್ತ್‌ನಲ್ಲಿ ಕಾಲಿಟ್ಟರೆ ಸುಡುವ ಬೇಸಿಗೆ. ನಾವು ಮೈಸೂರಿನಿಂದ ಬಂದು ಬೆಂಟ್ಲಿಯಲ್ಲಿ ಬಾಡಿಗೆ ಮನೆ ಹಿಡಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನು, ನಮ್ಮವರು, ಎಂಟು ವರ್ಷದ ಮಗಳು ನಿಶಾ.

ಪಕ್ಕದ ಮನೆಯಲ್ಲಿ ಐನಾರ್ ಅಂಕಲ್ ಒಬ್ಬರೇ ಇದ್ದರು. ಐಸ್‌ಲ್ಯಾಂಡಿನವರು, ಹಡಗಿನ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ನನ್ನ ಚಕ್ಕುಲಿಯ ಆಸೆಗೆ ಸಂಜೆ ಟೀಗೆ ಬರುತ್ತಿದ್ದರು. ಬಂದರೆ ಒಂದೇ ಪುರಾಣ, ಅವರೂರಿನ ಕ್ರೀಡಾ ಕ್ಲಬ್ಬು. ಅದರ ಹೆಸರು ನನ್ನ ನಾಲಿಗೆಯಲ್ಲಿ ಒಂದು ದಿನವೂ ಹೊರಳಲಿಲ್ಲ. ಬಂದರಿನಲ್ಲಿ ಮೀನು ಹೊರುತ್ತಿದ್ದ ಹುಡುಗರು ಒಂದೇ ಒಂದು ಚೆಂಡು ಇಟ್ಟುಕೊಂಡು ಕಟ್ಟಿದ ಕ್ಲಬ್ಬಂತೆ. ಕಲ್ಲು ಹೆಕ್ಕಿ ತಾವೇ ಮೈದಾನ ಮಾಡಿದರಂತೆ. ಹೊರಗೆ ಹಿಮ ಬಿದ್ದಾಗ ಮೀನಿಗೆ ಉಪ್ಪು ಹಾಕುವ ಗೋದಾಮಿನೊಳಗೆ ಹ್ಯಾಂಡ್‌ಬಾಲ್ ಆಡಿ, ಕೊನೆಗೆ ಹೆಂಗಸರ ತಂಡ ದೇಶಕ್ಕೇ ಮೊದಲು ಬಂತಂತೆ. ಫುಟ್‌ಬಾಲ್, ಸ್ಕೀಯಿಂಗ್, ದೋಣಿ ಪಂದ್ಯ, ಎಲ್ಲದರಲ್ಲೂ ಕಪ್ ಗೆದ್ದರಂತೆ. ಕೇಳಿ ಕೇಳಿ ನನಗೆ ಆಕಳಿಕೆ ಬರುತ್ತಿತ್ತು. ಇವರಂತೂ ಪೇಪರ್ ಅಡ್ಡ ಹಿಡಿದುಬಿಡುತ್ತಿದ್ದರು.

ಒಂದು ಮಾತು ಮಾತ್ರ ನೆನಪಿನಲ್ಲಿ ಉಳಿದಿತ್ತು. ದೋಣಿ ನೀರಿಗಿಳಿದಾಗ ಕ್ಲಬ್ಬಿನ ಒಬ್ಬ ಸದಸ್ಯ ದಡದಲ್ಲಿ ನಿಲ್ಲಲೇಬೇಕಂತೆ. ಯಾರಾದರೂ ನೀರಿಗೆ ಬಿದ್ದರೆ ಅವರ ಕಡೆ ಕೈ ಚಾಚಿ, ಕಣ್ಣು ಕೀಳದೆ ನೋಡುತ್ತಿರಬೇಕು. ಐನಾರ್ ಅಂಕಲ್‌ಗೆ ಸಿಕ್ಕಿದ್ದು ಆ ಕೆಲಸ. ಅದನ್ನೂ ಕಪ್ ಗೆದ್ದವರ ಹೆಮ್ಮೆಯಲ್ಲೇ ಹೇಳುತ್ತಿದ್ದರು.

"ಆಟ ಆಡದೆ ಸುಮ್ಮನೆ ಕೈ ತೋರಿಸ್ಕೊಂಡು ನಿಲ್ಲೋದಕ್ಕೂ ಒಂದು ಕ್ಲಬ್ಬು ಬೇಕಾ ಅಂಕಲ್?" ಎಂದು ನಾನು ಚುಡಾಯಿಸಿದ್ದೆ. ಅವರು ನಕ್ಕು ಇನ್ನೊಂದು ಚಕ್ಕುಲಿ ತೆಗೆದುಕೊಂಡಿದ್ದರು.

ಆ ತಿಂಗಳ ಒಂದು ರಜೆಯ ದಿನ ಊಟ ಕಟ್ಟಿಕೊಂಡು ಅವರನ್ನೂ ಕರೆದುಕೊಂಡು ಬೀಚ್‌ಗೆ ಹೋದೆವು. ಕಾವಲಿನ ಗಾರ್ಡ್‌ಗಳು ಬಾವುಟ ನೆಟ್ಟ ಕಡೆ ಜನವೋ ಜನ, ಮೈಮೇಲೆ ಗೇಣು ಬಟ್ಟೆ. ಅವರ ನಡುವೆ ಸೀರೆಯುಟ್ಟು ಕೂರಲು ನನಗೆ ಸಂಕೋಚ. ಇವರಿಗೂ ಅಷ್ಟೇ.

"ಆ ಕಡೆ ಹೋಗೋಣ ಬಾ, ಯಾರೂ ಇಲ್ಲ. ನೀರೂ ಎಷ್ಟು ಸುಮ್ಮನಿದೆ ನೋಡು, ಒಂದು ಅಲೆ ಇಲ್ಲ" ಎಂದರು.

"ರೀ, ಬಾವುಟ ಇರೋ ಕಡೆನೇ ಇಳೀಬೇಕು ಅಂತ ಬೋರ್ಡ್ ಹಾಕಿದಾರೆ."

"ನಾನು ಕುಂದಾಪುರದವನು ಕಣೇ. ನಂಗೆ ಕಡಲು ತೋರಿಸ್ಬೇಡ."

ಎರಡೂ ಕಡೆ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ, ನೀರು ಒಳಕ್ಕೆ ಎಳೆದುಕೊಂಡು ಹೋಗುವುದು ಅಲ್ಲೇ ಎಂದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದ ಐನಾರ್ ಅಂಕಲ್ ಮಂಡಿನೋವಿನಿಂದಾಗಿ ಮಡಚುವ ಕುರ್ಚಿ ಹಿಡಿದು ಇನ್ನೂ ಹಿಂದೆ ಬರುತ್ತಿದ್ದರು.

ಇವರು ನೀರಿಗಿಳಿದಿದ್ದರು, ನಾನು ಡಬ್ಬಿ ಬಿಚ್ಚುತ್ತಿದ್ದೆ. ತಲೆಯೆತ್ತಿದಾಗ ಇವರು ದೂರದಲ್ಲಿ ಕೈ ಎತ್ತಿದ್ದು ಕಾಣಿಸಿತು. ನಾನೂ ನಗುತ್ತಾ ಕೈ ಬೀಸಿದೆ. ನಿಶಾಗೂ "ಅಪ್ಪನಿಗೆ ಟಾಟಾ ಮಾಡು" ಎಂದೆ.

ಇವರು ದಡದ ಕಡೆಗೇ ಕೈ ಬಡಿಯುತ್ತಿದ್ದರು, ಆದರೆ ದೂರ ದೂರ ಹೋಗುತ್ತಿದ್ದರು. ಅದು ತಿಳಿದದ್ದೇ ಡಬ್ಬಿ ಬಿಸಾಡಿ ಎದ್ದೆ. ಸೀರೆ ಎತ್ತಿ ಕಟ್ಟಿ ನೀರಿಗೆ ನುಗ್ಗಿದೆ. ನನಗೆ ಈಜು ಬರುವುದಿಲ್ಲ ಎಂಬುದೇ ಮರೆತುಹೋಗಿತ್ತು. ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದರು. ಐನಾರ್ ಅಂಕಲ್.

"ನೀನೂ ಹೋದರೆ ನಾನು ಎರಡು ತಲೆ ನೋಡಬೇಕಾಗುತ್ತದೆ. ನನ್ನಿಂದ ಆಗುವುದಿಲ್ಲ. ಬಾವುಟದ ಹತ್ತಿರ ಗಾರ್ಡ್‌ಗಳಿದ್ದಾರೆ, ಓಡು" ಎಂದರು. ನನ್ನ ಮುಖ ನೋಡಲಿಲ್ಲ. ಆಗಲೇ ಅವರ ಬಲಗೈ ಸಮುದ್ರದ ಕಡೆ ನೆಟ್ಟಗೆ ಚಾಚಿತ್ತು.

ನಿಶಾಳನ್ನು ಎಳೆದುಕೊಂಡು ಬಿಸಿ ಮರಳಿನಲ್ಲಿ ಓಡಿದೆ. ಗಾರ್ಡ್‌ಗಳ ಮುಂದೆ ನನ್ನ ಬಾಯಿಂದ ಇಂಗ್ಲಿಷೇ ಹೊರಡಲಿಲ್ಲ. "ನಮ್ಮವರು, ನಮ್ಮವರು" ಎಂದು ಕನ್ನಡದಲ್ಲೇ ಅರಚಿದೆನಂತೆ. ನಿಶಾಳೇ "ಮೈ ಡ್ಯಾಡ್ ಈಸ್ ಇನ್ ದ ವಾಟರ್" ಎಂದು ಅಳುತ್ತಾ ಹೇಳಿದ್ದು. ಇಬ್ಬರು ನೀರಿನ ಮೇಲೆ ತೇಲುವ ಹಲಗೆ ಎತ್ತಿಕೊಂಡು ನಮಗಿಂತ ಮುಂದೆ ಓಡಿದರು.

ವಾಪಸ್ ಬಂದು ನೋಡಿದರೆ ಕಡಲು ಖಾಲಿ. ಬಿಸಿಲಿಗೆ ನೀರೆಲ್ಲ ತಗಡಿನ ಹಾಗೆ ಹೊಳೆಯುತ್ತಿತ್ತು, ತಲೆ ಎಲ್ಲೂ ಇಲ್ಲ. ಐನಾರ್ ಅಂಕಲ್ ಮಾತ್ರ ಮೊಣಕಾಲಿನವರೆಗಿನ ನೀರಿನಲ್ಲಿ ಕೈ ಚಾಚಿ ಹಾಗೆಯೇ ನಿಂತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಎಲ್ಲಿ ಅವರು? ಕಂಬದ ಥರ ನಿಂತಿದ್ದೀರಲ್ಲ, ಎಲ್ಲಿ?" ಎಂದು ಅವರ ಭುಜ ಹಿಡಿದು ಅಲ್ಲಾಡಿಸಿದೆ.

ಅವರು ತಿರುಗಲಿಲ್ಲ. ಟೋಪಿ ಗಾಳಿಗೆ ಹಾರಿಹೋಗಿತ್ತು. ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ. ಆಗ ನೋಡಿದೆ, ಚಾಚಿದ ಕೈ ಸುಮ್ಮನಿರಲಿಲ್ಲ. ತೀರಾ ನಿಧಾನವಾಗಿ ಬಲಕ್ಕೆ ಸರಿಯುತ್ತಿತ್ತು. ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. ಹಲಗೆಯ ಮೇಲೆ ಹೊರಟ ಗಾರ್ಡ್‌ಗಳು ಆಗಾಗ ಹಿಂತಿರುಗಿ ಆ ಕೈ ನೋಡಿ ದಿಕ್ಕು ಬದಲಿಸುತ್ತಿದ್ದರು.

ಆಮೇಲೆ ನಾನು ಕಡಲು ನೋಡುವುದನ್ನೇ ಬಿಟ್ಟೆ. ಧೈರ್ಯವಾಗಲಿಲ್ಲ. ಆ ಕೈಯನ್ನೇ ನೋಡುತ್ತಾ ನಿಂತೆ. ಅದು ಇಳಿದರೆ ಎಲ್ಲ ಮುಗಿಯಿತು ಎಂದುಕೊಂಡೆ. ಒಮ್ಮೆ ಅದು ತುಸು ಬಾಗಿತು. ಅಂಕಲ್ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು ಮತ್ತೆ ಎತ್ತಿ ಹಿಡಿದರು. ನಿಶಾ ನನ್ನ ಸೊಂಟ ತಬ್ಬಿ "ಅಮ್ಮಾ, ಈಸ್ ಹಿ ಸ್ಟಿಲ್ ದೇರ್?" ಎಂದು ಕೇಳುತ್ತಲೇ ಇದ್ದಳು. "ಅಂಕಲ್ ಕೈ ಮೇಲಿದೆ ಪುಟ್ಟಾ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಇವರನ್ನು ಹಲಗೆಯ ಮೇಲೆ ಬೋರಲು ಮಲಗಿಸಿಕೊಂಡು ತಂದರು. ತುಟಿ ನೀಲಿಗಟ್ಟಿತ್ತು. ಮರಳಿನ ಮೇಲೆ ಮೊಣಕಾಲೂರಿ ವಾಂತಿ ಮಾಡಿಕೊಂಡರು, ಆಮೇಲೆ ನನ್ನ ಹೆಸರು ಹಿಡಿದು ಕರೆದರು. ನಾನು ಮಗುವಿನ ಹಾಗೆ ಅತ್ತೆ.

ತಿರುಗಿ ನೋಡಿದರೆ ಐನಾರ್ ಅಂಕಲ್ ಕೈ ಇನ್ನೂ ಚಾಚಿಯೇ ಇತ್ತು, ಈಗ ನಮ್ಮ ಕಡೆಗೆ. ಇಳಿಸಲು ಬರುತ್ತಿರಲಿಲ್ಲ, ಮರಗಟ್ಟಿಹೋಗಿತ್ತು. ನಾನೂ ನಿಶಾಳೂ ಭುಜ ತಿಕ್ಕಿ ಮೆಲ್ಲಗೆ ಇಳಿಸಿದೆವು. ಬೈದದ್ದಕ್ಕೆ ಕ್ಷಮಿಸಿ ಎನ್ನಲು ಹೋದೆ. ಅವರು ತಡೆದು, "ನೀರಿಗೆ ಬಿದ್ದವನ ಕಾಲು ನೆಲ ಮುಟ್ಟುವವರೆಗೆ ಇಳಿಸಬಾರದು. ಕ್ಲಬ್ಬಿನ ನಿಯಮ" ಎಂದರಷ್ಟೇ.

ಮಾರನೇ ದಿನ ಟೀ ಹೊತ್ತಿಗೆ ಇವರೇ ಪೇಪರ್ ಮಡಚಿಟ್ಟು, "ಅಂಕಲ್, ನಿಮ್ಮ ಕ್ಲಬ್ಬಿನ ಕಥೆ ಹೇಳಿ, ಮೊದಲಿಂದ" ಎಂದರು. ಕಲ್ಲು ಹೆಕ್ಕಿದ ಮೈದಾನದಿಂದ ಅವರು ಶುರು ಮಾಡಿದರು. ಆ ದಿನ ಯಾರೂ ಆಕಳಿಸಲಿಲ್ಲ.

ಅದಾಗಿ ಎರಡು ವರ್ಷ, ಈಗ ನಾವು ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿದ್ದೇವೆ. ಅಲೆಯಿಲ್ಲದ ನೀರು ಕಂಡರೆ ನನಗೆ ಇಂದಿಗೂ ಭಯ. ನಿಶಾ ವಾರವಾರ ಈಜು ಕಲಿಯಲು ಹೋಗುತ್ತಾಳೆ. ಕೊಳದ ಅಂಚಿನಲ್ಲಿ ನಿಂತಿರುವಾಗ ನನಗೆ ಗೊತ್ತಿಲ್ಲದೆಯೇ ಬಲಗೈ ಮೇಲೇಳುತ್ತದೆ. "ಅಮ್ಮಾ, ಪುಟ್ ಇಟ್ ಡೌನ್, ಎವ್ರಿವನ್ ಈಸ್ ಲುಕಿಂಗ್" ಎಂದು ಅವಳು ನೀರಿನಿಂದಲೇ ಗದರುತ್ತಾಳೆ. ನೋಡಿದರೆ ನೋಡಲಿ. ಅವಳ ಕಾಲು ನೆಲ ಮುಟ್ಟುವವರೆಗೆ ನಾನು ಇಳಿಸುವುದಿಲ್ಲ.