ಎರಡನೇ ಗೇರಿನ ತಕರಾರು

ಹಳೆಯ ಬೈಕೊಂದನ್ನು ಕೊಂಡದ್ದು ನಾನು. ಘಾಟ್ಕೋಪರಿನಿಂದ ಪರೇಲಿನ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹದಿನಾರು ವರ್ಷ ಲೋಕಲ್ ರೈಲಿನಲ್ಲಿ ಒದ್ದಾಡಿದ್ದೆ. ಇನ್ನು ಸಾಕು, ನನ್ನ ಪಾಡಿಗೆ ನಾನು ಹೋಗಿ ಬರಬೇಕು ಅನ್ನುವುದು ನನ್ನ ಆಸೆ. ಆದರೆ ಆ ಬೈಕಿನ ಎರಡನೇ ಗೇರ್ ಕೂರುತ್ತಿರಲಿಲ್ಲ. ಲಿವರ್ ಎತ್ತಿದರೆ ನ್ಯೂಟ್ರಲ್‌ಗೆ ಬಂದು ನಿಂತುಬಿಡುತ್ತಿತ್ತು. ಎಂಜಿನ್ ಸುಮ್ಮನೆ ಅರಚುತ್ತಿತ್ತು, ಹಿಂದಿನ ರಿಕ್ಷಾದವರು ನನ್ನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು.

“ತಿಂಗಳೊಳಗೆ ಸರಿಯಾಗದಿದ್ರೆ ಮಾರಿಬಿಡುವ ಮಾರಾಯ್ತಿ,” ಎಂದರು ನನ್ನ ಗಂಡ. ಹಟಕ್ಕೆ ಬಿದ್ದು ಒಪ್ಪಿಬಿಟ್ಟೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ.

ಸಯನ್‌ನಲ್ಲಿ ವಿಜಾಪುರ ಕಡೆಯ ಮೆಕ್ಯಾನಿಕ್ ಚಾಚಾ ಒಬ್ಬರಿದ್ದಾರೆ. ಮೊದಲ ಸಲ ಅವರು ಕ್ಲಚ್ ಕೇಬಲ್ ಬಿಗಿ ಮಾಡಿದರು. ಎರಡನೇ ಸಲ ಆಯಿಲ್ ಬದಲಿಸಿ, ಗೇರ್ ಲಿವರನ್ನು ಬಿಚ್ಚಿ ತುಸು ಮೇಲಕ್ಕೆ ಕೂರಿಸಿದರು. ಅವರು ಒಂದು ಸುತ್ತು ಹೋಗಿ ಬಂದರೆ ಗೇರ್ ಹೂವೆತ್ತಿದ ಹಾಗೆ, ನಾನು ಹತ್ತಿದರೆ ಮತ್ತೆ ಅದೇ ರಾಗ. ಬೈಕಿಗೂ ನನ್ನನ್ನು ಕಂಡರಾಗದು ಅನ್ನಿಸಿ ಅಳು ಬಂತು.

ಮೂರನೇ ಸಲ ಚಾಚಾ ನನಗೇ ಓಡಿಸಲು ಹೇಳಿ, ಬೈಕಿನ ಪಕ್ಕ ಓಡುತ್ತಾ ನನ್ನ ಎಡಗಾಲನ್ನೇ ನೋಡಿದರು. ಆಮೇಲೆ ಏಕೋ ಆಕಾಶ ನೋಡಿದರು.

“ಗಾಡಿ ಚಲೋ ಐತ್ರಿ ಅಕ್ಕಾರ. ನಾಳಿ ಸಾಹೇಬ್ರನ್ನ ಕರ್ಕೊಂಡು ಬರ್ರಿ.”

“ನನ್ನ ಗಾಡಿಗೆ ಅವರು ಯಾಕೆ?”

“ಇಲ್ರೀ, ಅವರ ಮುಂದನ ಹೇಳ್ಬೇಕ್ರಿ.”

ಮೈಯೆಲ್ಲ ಉರಿದುಹೋಯಿತು. ಗಾಡಿಗೆ ಗೇರ್ ಬೀಳಲಿಕ್ಕೂ ಗಂಡನ ಅಪ್ಪಣೆ ಬೇಕೇ? ಆದರೂ ಮರುದಿನ ಕರೆದುಕೊಂಡು ಹೋದೆ; ಕೊಟ್ಟ ಗಡುವು ಅಂದಿಗೇ ಮುಗಿಯುತ್ತಿತ್ತು. ಇವರು ಬೈಕಿಗೆ ಗಿರಾಕಿಯನ್ನು ಗೊತ್ತು ಮಾಡಿಕೊಂಡೇ ಹೊರಟಿದ್ದರು. ಚಾಚಾ ಇವರನ್ನು ಆಚೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಗತಿ ಇಷ್ಟೇ. ಎರಡನೇ ಗೇರಿಗೆ ಲಿವರನ್ನು ಪಾದದಿಂದ ಮೇಲೆತ್ತಬೇಕು. ಚಪ್ಪಲಿಯಲ್ಲಿ ಓಡಿಸುವ ನನಗೆ ಎತ್ತುವಾಗ ಲಿವರ್ ಕಾಲುಂಗುರಕ್ಕೆ ಒತ್ತಿ ನೋಯುತ್ತಿತ್ತು. ನನಗೇ ತಿಳಿಯದೆ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದೆ. ಮುತ್ತೈದೆಗೆ ಕಾಲುಂಗುರ ತೆಗೆ ಎಂದು ಹೇಗೆ ಹೇಳುವುದೆಂದು ಚಾಚಾ ನನ್ನೆದುರು ಬಾಯಿ ಬಿಟ್ಟಿರಲಿಲ್ಲ.

“ಬೂಟ್ ಹಾಕಿದ್ರೂ ಒತ್ತತೈತ್ರಿ ಅದು,” ಎಂದರು ನೆಲ ನೋಡುತ್ತಾ.

ನಾನು ಬಗ್ಗುವ ಮೊದಲೇ ಇವರು ಗ್ರೀಸು ಮೆತ್ತಿದ ನೆಲದಲ್ಲಿ ಮಂಡಿಯೂರಿದರು. ಮದುವೆಯ ದಿನ ಕಾಲುಂಗುರ ತೊಡಿಸುವಾಗ ಜನರೆದುರು ನಾಚಿ ಇವರು ಅರ್ಧಕ್ಕೇ ಎದ್ದುಬಿಟ್ಟಿದ್ದರು. ಈಗ ದಾರಿಹೋಕರೆಲ್ಲ ನಿಂತು ನೋಡುತ್ತಿದ್ದರೂ ಸಾವಕಾಶವಾಗಿ ತಿರುಗಿಸಿ ತೆಗೆದರು. ನನ್ನ ಕಣ್ಣು ತುಂಬಿತು.

“ಹೋಗು, ಈಗ ಎತ್ತು,” ಎಂದರು.

ಹೋದೆ. ಎರಡನೇ ಗೇರ್ ಕಟಕ್ಕೆಂದು ಕೂತಿತು. ತಿರುಗಿ ಬರುವಷ್ಟರಲ್ಲಿ ಇವರು ಫೋನಿನಲ್ಲಿ ಆ ಗಿರಾಕಿಗೆ ಹೇಳುತ್ತಿದ್ದರು: “ಇಲ್ಲ ಮಾರಾಯ್ರೆ, ಕೊಡ್ಲಿಕ್ಕಿಲ್ಲ. ಅದು ನನ್ನ ಹೆಂಡತಿಯ ಗಾಡಿ.”