ಕಂಡಕ್ಟರಕ್ಕನ ಚರಂಡಿ ಹೂವು

ಡಿಪೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಮುಂದೆಹೋಗಕ್ಕ. ಬಸ್ಸಿನ ಹಿಂಬಾಗಿಲಲ್ಲಿ ನಿಂತು "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಅವಳು ಒಂದು ಸಲ ಅಂದರೆ ಸಾಕು, ಜಾಗ ಇರಲಿ ಬಿಡಲಿ, ಜನ ಮುಂದೆ ಹೋಗುತ್ತಿದ್ದರು. ಆ ಗಂಟಲು ಅಮ್ಮ ಕೊಟ್ಟ ಆಸ್ತಿ. ಅಮ್ಮ ಅದೇ ರೂಟಿನ ಕೊನೇ ಸ್ಟಾಪಿನಲ್ಲಿ ಬುಟ್ಟಿ ಇಟ್ಟುಕೊಂಡು, ಕೂಗಿ ಕೂಗಿ ಹೂ ಮಾರಿ, ಮಗಳನ್ನು ಓದಿಸಿದ ಹೆಂಗಸು.

ಅಮ್ಮ ಕೂರುತ್ತಿದ್ದ ಜಾಗದ ಹಿಂದೆಯೇ ರಸ್ತೆಯ ಚರಂಡಿ. ಮಳೆ ಬಿದ್ದ ಮೇಲೆ ಅದರ ದಡದಲ್ಲಿ ಮೊಣಕಾಲೆತ್ತರದ ಗಿಡಗಳೆದ್ದು ತಿಳಿನೇರಳೆ ಹೂ ಬಿಡುತ್ತಿದ್ದವು. ಯಾರೂ ನೆಟ್ಟದ್ದಲ್ಲ. ಬೇಸಿಗೆಯಲ್ಲಿ ಒಣಗಿ ಹೇಳಹೆಸರಿಲ್ಲದಂತೆ ಹೋಗುವುದು, ಮರುವರ್ಷ ಅದೇ ಬೇರಿನಿಂದ ಮತ್ತೆ ಬರುವುದು. ಕಿತ್ತರೆ ಮಾತ್ರ ಕೈಯಲ್ಲೇ ಬಾಡಿ ಜೋತುಬೀಳುತ್ತಿತ್ತು. ಹಾಗಾಗಿ ಅದು ಬುಟ್ಟಿಗೂ ಬರಲಿಲ್ಲ, ಅದಕ್ಕೊಂದು ಹೆಸರೂ ಬರಲಿಲ್ಲ. ತಾಯಿ ಮಗಳು ಅದನ್ನು ಚರಂಡಿ ಹೂ ಅನ್ನುತ್ತಿದ್ದರು. ಜೀವನವಿಡೀ ಹೂ ಮಾರಿದ ಅಮ್ಮನಿಗೆ, ಮಾರಲಾಗದ ಆ ಒಂದು ಹೂವಿನ ಮೇಲೆಯೇ ಜೀವ.

ಈಗ ಅಮ್ಮನ ಮಂಡಿ ಕೈಕೊಟ್ಟಿತ್ತು. ಬಸ್ಸಿನ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಡಿಪೋ ಹಿಂದಿನ ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದುಕೊಂಡು, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಬಂದು ಹೋಗುವ ಬಸ್ಸುಗಳನ್ನು ಬೈಯುತ್ತ ಹೊತ್ತು ಕಳೆಯುತ್ತಿದ್ದಳು. ಮಗಳು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: ಚರಂಡಿ ಹೂ ಬಂತಾ?

ಅಂಥದ್ದರಲ್ಲಿ ಕೊನೇ ಸ್ಟಾಪಿನ ರಸ್ತೆ ಅಗಲ ಮಾಡುತ್ತಾರೆ, ಚರಂಡಿ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ಆ ಹೂ ಬೇರೆಲ್ಲೂ ಇದ್ದದ್ದನ್ನು ಮುಂದೆಹೋಗಕ್ಕ ಕಂಡಿರಲಿಲ್ಲ. ಗಿಡ ಕಿತ್ತು ತಂದು ಕಿಟಕಿ ಕೆಳಗೆ ಹಾಕುತ್ತೇನೆ ಎಂದಳು. ಅಮ್ಮ ನಕ್ಕುಬಿಟ್ಟಳು. ತಾನೂ ಒಂದು ಸಲ ಕುಂಡದಲ್ಲಿ ಹಾಕಿ ನೋಡಿದ್ದಳಂತೆ, ಅದು ಮನೆಗೆ ಒಗ್ಗುವ ಜಾತಿಯಲ್ಲವಂತೆ.

"ನೀನು ಕುರ್ಚಿ ಬಿಟ್ಟು ಏಳೋದೇ ಬೇಡ. ಇಲ್ಲೇ, ನಿನ್ನ ಕಣ್ಣೆದುರಿಗೇ ಅರಳಿಸ್ತೀನಿ, ನೋಡ್ತಿರು" ಅಂದಳು ಮಗಳು.

ಮರುದಿನವೇ ಕೊನೇ ಸ್ಟಾಪಿನಲ್ಲಿ ಬಸ್ಸು ನಿಂತಾಗ ಕಬ್ಬಿಣದ ಸರಳು ಹಿಡಿದು ಚರಂಡಿಗಿಳಿದಳು. ಡ್ರೈವರಣ್ಣ ಟೀ ಲೋಟ ಹಿಡಿದು ದಡದ ಮೇಲಿಂದ ಉಪದೇಶ ಮಾಡಿದ, ಆಮೇಲೆ ಮನಸ್ಸು ತಡೆಯದೆ ತಾನೂ ಇಳಿದ. ಬೇರು ಜಲ್ಲಿಯ ನಡುವೆ ಪಾತಾಳಕ್ಕೆ ಹೋಗಿತ್ತು. ಸಿಕ್ಕಷ್ಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸೀಟಿನಡಿ ಇಟ್ಟು ತಂದರು.

ಕಿಟಕಿ ಕೆಳಗೆ ಹಳೇ ಟೈರು ಬಿದ್ದಿದ್ದ ಒಂದು ಪಟ್ಟಿ ಜಾಗವಿತ್ತು. ಬೇರೆ ಕೆಲಸಕ್ಕೆ ಬೇಕಾಗುವವರೆಗೆ ಇಟ್ಟುಕೋ ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಒಪ್ಪಿದರು. ಮುಂದೆಹೋಗಕ್ಕ ಟೈರುಗಳನ್ನು ಮೂಲೆಗೆ ಉರುಳಿಸಿ, ಎಲ್ಲಿಂದಲೋ ಕಪ್ಪುಮಣ್ಣು ತರಿಸಿ, ಗೊಬ್ಬರ ಸುರಿದು, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು. ಅಕ್ಕಿ ತೊಳೆದ ನೀರು, ಟೀ ಚರಟ, ಯಾವುದೂ ಬಚ್ಚಲಿಗೆ ಹೋಗಲಿಲ್ಲ. ಗಿಡಗಳು ಆಳೆತ್ತರ ಬೆಳೆದವು. ಎಲೆಯೋ ಎಲೆ. ಹೂವಿನ ಸುದ್ದಿಯಿಲ್ಲ. ಒಂದು ಗಾಳಿಗೆ ಅಷ್ಟೂ ಅಡ್ಡಬಿದ್ದವು. ಕೋಲು ಕೊಟ್ಟು ಬಟ್ಟೆ ಚೂರಿನಿಂದ ಕಟ್ಟಿ ನಿಲ್ಲಿಸಿದಳು. ನೋಡಿದವರಿಗೆ ಮೂಳೆ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತಿತ್ತು.

ಅಮ್ಮ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು: "ಅಲ್ವೇ, ಚರಂಡೀಲಿ ಅದಕ್ಕೆ ಯಾರು ಗೊಬ್ಬರ ಹಾಕ್ತಿದ್ರು?"

ಮುಂದೆಹೋಗಕ್ಕನಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಮಾತು ನಿಜವಾಗಿದ್ದಕ್ಕೆ. ಜಲ್ಲಿಯಲ್ಲಿ ಹಸಿದು ಬೆಳೆದ ಗಿಡವನ್ನು ತಾನು ತಿನ್ನಿಸಿ ತಿನ್ನಿಸಿ ಮಲಗಿಸಿದ್ದಳು. ಬೇಸಿಗೆಯಲ್ಲಿ ಗಿಡ ಒಣಗಿದ ಮೇಲೆ ಈ ಮಣ್ಣನ್ನೆಲ್ಲ ತೆಗೆದುಹಾಕಿ ಜಲ್ಲಿ ತುಂಬಬೇಕೆಂದು ಅವಳು ಗಟ್ಟಿ ಮಾಡಿಕೊಂಡಳು.

ಗಿಡ ಒಣಗಿತು. ಆದರೆ ಅವಳಿಗಿಂತ ಮೊದಲು ಮ್ಯಾನೇಜರು ಕೈ ಹಾಕಿದ್ದರು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ ಆ ಪಟ್ಟಿಯ ಉದ್ದಕ್ಕೂ ಸಿಮೆಂಟಿನ ಕಲ್ಲು ಹಾಸಿದೆ, ಬೈಕುಗಳು ಸಾಲಾಗಿ ನಿಂತಿವೆ. ಸಿಬ್ಬಂದಿಯೇ ಬೈಕಿಗೆ ಜಾಗ ಕೇಳಿದ್ದರು, ಅಲ್ಲಿ ಒಣಕಡ್ಡಿ ಬಿಟ್ಟರೆ ಏನೂ ಇರಲಿಲ್ಲ ಎಂದರು ಮ್ಯಾನೇಜರು. ಕೆಟ್ಟ ಮನುಷ್ಯನೇನಲ್ಲ.

"ಬೇರಿದೆ ಸರ್ ಅಲ್ಲಿ" ಅಂದಳು.

"ಬೇರು ಯಾರ ಕಣ್ಣಿಗೆ ಕಾಣುತ್ತಮ್ಮ?" ಅಂದರು ಅವರು.

ಮನೆಗೆ ಬಂದು ಚೆನ್ನಾಗಿ ಅತ್ತಳು. ನಾನು ಆಗಲೇ ಹೇಳಿರಲಿಲ್ವಾ ಎಂದು ಅಮ್ಮ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳೋ ಏನೋ. ಆದರೆ ಅಮ್ಮ ಕುರ್ಚಿಯನ್ನು ಕಿಟಕಿಯಿಂದ ಈಚೆ ಎಳೆದು ಗೋಡೆ ಕಡೆ ಹಾಕಿಕೊಂಡಳು. ಅದನ್ನು ಕಂಡ ಮಗಳು ಕಣ್ಣೊರೆಸಿಕೊಂಡು ಎದ್ದು ಕುರ್ಚಿಯನ್ನು ಅಮ್ಮನ ಸಮೇತ ಮತ್ತೆ ಕಿಟಕಿಗೆ ತಳ್ಳಿದಳು. ಮಳೆ ಬರಲಿ, ನೋಡೋಣ ಅಂದಳು.

ಮಳೆ ಬಂತು. ಗೋಡೆಯ ಬುಡದಲ್ಲಿ, ಕಲ್ಲು ಕಲ್ಲಿನ ಸಂದಿಯಿಂದ, ಕೆಂಪು ಮೊಳಕೆಗಳು ಮೂತಿ ಹೊರಗೆ ಹಾಕಿದವು. ಮುಂದೆಹೋಗಕ್ಕ ಯೂನಿಫಾರಂ ತೊಟ್ಟವಳು ಹಾಗೇ ನೆಲಕ್ಕೆ ಕೂತು ಸಂದಿಯೊಳಗೆ ಬೆರಳಿಟ್ಟು ಕೆದಕಿದಳು. ಬೆರಳಿಗೆ ಬಂದದ್ದು ಮರಳು, ಜಲ್ಲಿ. ಕಲ್ಲು ಹಾಸುವವರು ಅವಳ ಕಪ್ಪುಮಣ್ಣನ್ನು ಹೆರೆದೆಸೆದು, ತಳಕ್ಕೆ ಜಲ್ಲಿ ಸುರಿದು ಹೋಗಿದ್ದರು. ಅವಳು ಮಾಡಬೇಕೆಂದಿದ್ದ ಕೆಲಸ ಅವರ ಕೈಯಲ್ಲಾಗಿತ್ತು. ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಆದರೆ ಒಂದು ಬೈಕಿನ ಸ್ಟ್ಯಾಂಡ್ ಊರಿದರೆ ಮುಗಿಯಿತು. ಮರುದಿನ ಬೆಳಗ್ಗೆ ಡ್ಯೂಟಿಗೆ ಮೊದಲು ಅಲ್ಲಿ ಹೋಗಿ ನಿಂತಳು. ಬೈಕು ಬಂದ ಹಾಗೆಲ್ಲ ಕೈ ಬೀಸಿ, "ಮುಂದೆ ಹೋಗಿ, ಮುಂದೆ ಜಾಗ ಇದೆ." ಅವಳ ಬಸ್ಸಿನಲ್ಲಿ ಒಮ್ಮೆಯಾದರೂ ನಿಂತು ಬಂದವರ ಕಾಲು ಆ ಮಾತಿಗೆ ತಾನೇ ತಾನಾಗಿ ಸರಿಯುತ್ತದೆ. ಎಲ್ಲರೂ ಮುಂದೆ ಹೋದರು.

ಬಸ್ಸು ಹೊರಟ ಮೇಲೆ ಅವಳಿಗೆ ಒಂದೇ ಯೋಚನೆ: ಈಗ ಅಲ್ಲಿ ನಿಲ್ಲುವವರು ಯಾರು? ಅವತ್ತು ಚಿಲ್ಲರೆ ಕೊಡುವುದರಲ್ಲಿ ಎಡವಟ್ಟು, ಸ್ಟಾಪ್ ಕೂಗುವುದರಲ್ಲಿ ಎಡವಟ್ಟು. ಹೂ ಗಿಡಕ್ಕೆ ಬಸ್ಸನ್ನೇ ಬೇಲಿ ಮಾಡಿ ನಿಲ್ಲಿಸಿಬಿಡೋಣ ಬಿಡು ಅಕ್ಕ ಎಂದು ಡ್ರೈವರಣ್ಣ ರೇಗಿಸಿದ. ಮಧ್ಯಾಹ್ನ ಡಿಪೋದೊಳಗೆ ಬಸ್ಸು ತಿರುಗುತ್ತಿದ್ದ ಹಾಗೇ ಅವಳಿಗೆ ತನ್ನದೇ ದನಿ ಕೇಳಿಸಿತು. ಕಿಟಕಿಯ ಸರಳು ಹಿಡಿದು, ಕೆಟ್ಟ ಮಂಡಿಯ ಮೇಲೆ ಎದ್ದು ನಿಂತು, ಅಮ್ಮ ಕೂಗುತ್ತಿದ್ದಳು. ಕೆಳಗೆ ಮ್ಯಾನೇಜರು ಬೈಕು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು.

ಆ ಮಳೆಗಾಲವಿಡೀ ಡ್ಯೂಟಿ ಹೀಗೆ ಪಾಳಿಯಲ್ಲಿ ನಡೆಯಿತು. ಗಿಡಗಳು ಈ ಸಲ ಮೊಣಕಾಲಿಗಿಂತ ಮೇಲೇರಲಿಲ್ಲ, ಅಡ್ಡಬೀಳಲೂ ಇಲ್ಲ. ಒಂದು ಬೆಳಗ್ಗೆ ಗೋಡೆಯುದ್ದಕ್ಕೂ ತಿಳಿನೇರಳೆ.

ಅಮ್ಮ ಕಿಟಕಿಯಿಂದ ನೋಡಿ ತೃಪ್ತಿಪಡಲಿಲ್ಲ. ಮಗಳ ಭುಜ ಹಿಡಿದು ಕೆಳಗಿಳಿದು ಹಳೇ ಟೈರಿನ ಮೇಲೆ ಕೂತಳು. ಬಹಳ ಹೊತ್ತು ನೋಡಿ, "ಯಾರೇ ಇದನ್ನ ಇಷ್ಟು ಚೆನ್ನಾಗಿ ನೆಟ್ಟಿದ್ದು?" ಎಂದು ಮುಖ ಗಂಭೀರ ಮಾಡಿಕೊಂಡು ಕೇಳಿದಳು. ಮಗಳು ಹಲ್ಲು ಕಚ್ಚಿಕೊಂಡು, ಮ್ಯಾನೇಜರ್ ಸರ್ರು ಅಂದಳು.

ಅಷ್ಟರಲ್ಲಿ ಅವರೇ ಬಂದರು. ತಮ್ಮ ಮೇಜಿನ ಮೇಲಿಡಲು ಒಂದಿರಲಿ ಎಂದು ಹೂವಿಗೆ ಕೈ ಚಾಚಿದರು.

"ಕೀಳ್ಬೇಡಿ ಸ್ವಾಮಿ, ಬಾಡಿಹೋಗುತ್ತೆ" ಅಂದಳು ಅಮ್ಮ. "ನಿಂತ್ಕೊಂಡು ನೋಡಿ."

ಆ ಮನೆಯವರ ಬಾಯಿಂದ ನಿಲ್ಲಿ ಎಂಬ ಮಾತನ್ನು ಡಿಪೋ ಕೇಳಿದ್ದು ಅದೇ ಮೊದಲು. ಮ್ಯಾನೇಜರು ಕೈ ಹಿಂದೆ ತೆಗೆದುಕೊಂಡು ನಿಂತರು.