ಎರೆಹುಳಕ್ಕೆ ಸುರಿದ ಹುಣಸೆ

ತೊಂಬತ್ತರ ದಶಕದಲ್ಲಿ ನಾನು ಸೂರತ್ ಹತ್ತಿರದ ಹಜೀರಾದಲ್ಲಿ ಒಂದು ಕಂಪನಿ ಕಾಲೊನಿಯ ಕ್ಯಾಂಟೀನಿನಲ್ಲಿ ಸಾಂಬಾರು ಮಾಡುತ್ತಿದ್ದೆ. ಅಲ್ಲಿಯೇ ನಮ್ಮ ಮೊದಲ ಮಗು ಹನ್ನೊಂದು ದಿನ ಬದುಕಿ ಹೋಯಿತು. ಆಮೇಲೆ ಹೆಂಡತಿ ಮಾತು ಬಿಟ್ಟಳು. ಊರಿಗೆ ಹೋಗಿ ಬಾ ಎಂದರೂ ಗೋಡೆ ನೋಡುತ್ತಿದ್ದಳು.

ಕಾಲೊನಿಯ ಮುದುಕ ಮಾಲಿ ಅವಳಿಗೆ ಒಂದು ಹಿಡಿ ಸ್ವೀಟ್ ಕಾರ್ನ್ ಬೀಜ, ಒಂದು ಡಬ್ಬಿ ಎರೆಹುಳ ಕೊಟ್ಟ. ಕ್ವಾರ್ಟರ್ಸಿನ ಹಿಂದೆ ಮೂರು ಸಾಲು ಜೋಳ ಎದ್ದಿತು. ಹುಳದ ಪೆಟ್ಟಿಗೆಗೆ ಸಗಣಿ, ತರಕಾರಿ ಸಿಪ್ಪೆ ಹಾಕಿ ಒದ್ದೆ ಗೋಣಿ ಮುಚ್ಚುವಳು. ಗೊಬ್ಬರ ಚಹಾಪುಡಿಯಂತೆ ಉದುರಾದಾಗ ಗಿಡಗಳ ಬುಡಕ್ಕೆ ಹಾಕುವಳು.

ಒಂದು ದಿನ ತಾನಾಗಿ ಬಾಯಿ ಬಿಟ್ಟಳು. "ಜೋಳ ಹೂ ಬಿಟ್ಟಿತು. ಈಗ ಅದಕ್ಕೆ ಗೊಬ್ಬರ ಜಾಸ್ತಿ ಬೇಕಂತೆ."

ನಾಲ್ಕು ತಿಂಗಳಲ್ಲಿ ಅಷ್ಟುದ್ದದ ಮಾತು ಅದೇ ಮೊದಲು. ನನಗೆ ಉಮೇದು ಬಂತು. ಹುಳ ಜಾಸ್ತಿ ತಿಂದರೆ ಗೊಬ್ಬರವೂ ಜಾಸ್ತಿ ಎಂದುಕೊಂಡೆ. ಅವಳು ಮಲಗಿದ್ದ ಮಧ್ಯಾಹ್ನ ಕ್ಯಾಂಟೀನಿನಿಂದ ಎರಡು ಬಕೆಟ್ ತಂದು ಪೆಟ್ಟಿಗೆಗೆ ಸುರಿದೆ. ಹಿಂಡಿ ಉಳಿದ ಹುಣಸೆ, ಪಾತ್ರೆ ತಳದ ಸಾಂಬಾರು. ಮೇಲೆ ಸಗಣಿ ಹರಡಿ ಗೋಣಿ ಮುಚ್ಚಿದೆ.

ಮೂರನೇ ದಿನ ಹುಳಗಳೆಲ್ಲ ಪೆಟ್ಟಿಗೆಯ ಅಂಚಿಗೆ ಬಂದು ಸತ್ತಿದ್ದವು.

"ನಿನ್ನೆ ಗೋಣಿ ಒಣಗಿತ್ತು, ನಾನು ನೋಡ್ಲಿಲ್ಲ" ಎಂದಳು. "ನನ್ನ ಕೈಯಲ್ಲಿ ಎಂತದೂ ಉಳಿಯೂದಿಲ್ಲ."

ಆ ದಿನ ನಾನು ಸುಮ್ಮನಿದ್ದೆ. ಮರುದಿನ ಹೇಳಿದೆ.

"ಹುಣಸೆ ಹಾಕಿದ್ದು ನಾನು ಮಾರಾಯ್ತಿ."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ."

ಮಾಲಿಯ ಹತ್ತಿರ ಐದು ಹುಳ ಬೇಡಿ ತಂದೆ. ತೆಂಗಿನ ಗೆರಟೆಯಲ್ಲಿಟ್ಟು ಅವಳ ಮುಂದೆಯೇ ಹುಣಸೆ ನೀರು ಹೊಯ್ದೆ. ಅವು ಸುರುಳಿ ಸುರುಳಿಯಾಗಿ ಹೊರಳಿದವು.

"ಅಯ್ಯೋ, ಎಂತ ಮಾಡ್ತೀರಿ! ತೆಗೀರಿ!"

ಗೆರಟೆ ಕಿತ್ತುಕೊಂಡು ನಲ್ಲಿಗೆ ಓಡಿದಳು. ಅಂಗೈಯಲ್ಲಿಟ್ಟು ತೊಳೆದಳು. ಎರಡು ಅಲುಗಾಡಿದವು.

"ಈಗ ನಂಬ್ತೀಯಾ?" ಎಂದೆ.

"ನಿನ್ನೆಯೇ ಯಾಕೆ ಹೇಳ್ಲಿಲ್ಲ? ಒಂದು ರಾತ್ರಿ ಪೂರ್ತಿ ನಾನೇ ಕೊಂದದ್ದು ಅಂತ ಮಲಗಿದ್ದೆ."

ಪೆಟ್ಟಿಗೆ ಖಾಲಿ ಮಾಡಿ ತೊಳೆದು, ಹೊಸ ಸಗಣಿ ಹಾಕಿ ಆ ಎರಡನ್ನೂ ಅದರಲ್ಲಿ ಬಿಟ್ಟಳು.

ಜೋಳ ಬಂತು, ತೆನೆಯಲ್ಲಿ ಅರ್ಧಕ್ಕರ್ಧ ಕಾಳಿರಲಿಲ್ಲ. ಬೇಯಿಸಿ ಕೊಟ್ಟೆ, ಅವಳು ಮುಟ್ಟಲಿಲ್ಲ. ತನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲವೆಂಬ ಮಾತನ್ನು ಮತ್ತೆ ಎತ್ತಲಿಲ್ಲ. ಉಳಿದ ಎರಡು ಹುಳಕ್ಕೆ ದಿನವೂ ಗೋಣಿ ಒದ್ದೆ ಮಾಡುತ್ತಿದ್ದಳು. ಪೆಟ್ಟಿಗೆಯ ಹತ್ತಿರ ನನ್ನನ್ನು ಮಾತ್ರ ಬಿಡಲಿಲ್ಲ.